ಮೂರನೆಯ ತರಗತಿಯೂ ರಜೆಯ ಏಳು ವಾರಗಳೂ

(ಶತಮಾನೋತ್ಸವದ ಅಂಗವಾಗಿ ಜರಗಿದ ಹೆತ್ತವರ ಸಭೆಯಲ್ಲಿ ನಮ್ಮ ಪ್ರಾಥಮಿಕ ಶಾಲೆಯ ಶಿಕ್ಷಕ ವೃಂದದ ಪರವಾಗಿ ಮಾಡಿದ ಭಾಷಣ)



ಇಗರ್ಜಿಯ ನೂರು ವರ್ಷಗಳ ಈ ಸಂಭ್ರಮದಲ್ಲಿ ಶಾಲೆಗೂ ಅರ್ಧ ಗಂಟೆಯ ಅವಕಾಶವನ್ನು ದಯಪಾಲಿಸಿದ್ದಕ್ಕಾಗಿ ನಾವು ಸಮಿತಿಗೆ ಋಣಿಗಳಾಗಿದ್ದೇವೆ. ಶಾಲೆಯ ಚರಿತ್ರೆಯನ್ನು ಹೇಳುವ ಹೊಣೆ ಬೇರೆಯವರದು. ನಾವು ಒಂದೇ ಒಂದು ತರಗತಿಯ ವಿಷಯವನ್ನು, ಅದೂ ಆ ತರಗತಿಯ ಬಾಗಿಲು ಮುಚ್ಚಿರುವ ಕಾಲದ ವಿಷಯವನ್ನು ತಮ್ಮ ಮುಂದಿಡಬಯಸುತ್ತೇವೆ.

ಏಪ್ರಿಲ್ ತಿಂಗಳ ಎರಡನೆಯ ವಾರದಲ್ಲಿ ಮುಚ್ಚಿದ ಬಾಗಿಲು ಮತ್ತೆ ತೆರೆಯುವುದು ಮೇ ತಿಂಗಳ ಕೊನೆಗೆ. ಸುಮಾರು ಏಳು ವಾರಗಳು. ಇದರಲ್ಲಿ ನಾವು ಮೂರನೆಯ ತರಗತಿಯನ್ನೇ ಏಕೆ ಆರಿಸಿಕೊಂಡೆವೆಂದರೆ, ಅದು ಮಳೆಗಾಲದ ತೋಡಿಗೆ ಹಾಕಿದ ಅಡಿಕೆ ಮರದ ಸಂಕದ ನಡುಭಾಗವಿದ್ದಂತೆ. ಹಿಂದಿನ ದಡದಲ್ಲಿ ಬಿಡಿ ಅಕ್ಷರ, ಕೂಡಿಸುವ ಕಳೆಯುವ ಲೆಕ್ಕ. ಮುಂದಿನ ದಡದಲ್ಲಿ ಒತ್ತಕ್ಷರ ತುಂಬಿದ ಉದ್ದುದ್ದ ಪಾಠ, ಗುಣಾಕಾರ, ಭಾಗಾಕಾರ. ನಡುವೆ ನಿಂತ ಮಗುವಿನ ಕೈಯನ್ನು ಏಳು ವಾರ ಯಾರೂ ಹಿಡಿಯದಿದ್ದರೆ ಜೂನ್ ತಿಂಗಳಲ್ಲಿ ಅದು ಎಲ್ಲಿರುತ್ತದೆಂದು ನಾವು ಪ್ರತಿ ವರ್ಷ ನೋಡುತ್ತಿದ್ದೇವೆ. ಹಾಡುಗಳನ್ನು ಮಗು ಮರೆತಿರುವುದಿಲ್ಲ. ಕತೆಯನ್ನಂತೂ ನಮಗಿಂತ ಚೆನ್ನಾಗಿ ಹೇಳುತ್ತದೆ. ಮರೆತಿರುವುದು ಒತ್ತಕ್ಷರಗಳನ್ನು, ಏಳು ಎಂಟರ ಮಗ್ಗಿಯನ್ನು, ದಶಕ ತೆಗೆದು ಕಳೆಯುವ ಕ್ರಮವನ್ನು. ಯಾವುದು ಬಾಯಿಗೂ ಕೈಗೂ ದಿನನಿತ್ಯ ಬಳಕೆಯಾಗುವುದಿಲ್ಲವೋ ಅದು ಸೋರಿಹೋಗುತ್ತದೆ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಸರಕಾರಿ ಶಾಲೆಗಳಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯು ಈ ಸಮಸ್ಯೆಗೆ ಒಂದು ಸರಳವಾದ ಉತ್ತರವನ್ನು ಕೊಟ್ಟಿತು. ಕಲಿಯಬೇಕಾದುದನ್ನೆಲ್ಲ ಒಂದು ಏಣಿಯ ಮೆಟ್ಟಿಲುಗಳಾಗಿ ವಿಂಗಡಿಸಿ, ಜ್ವರದಿಂದಲೋ ಮನೆಯ ಕೆಲಸದಿಂದಲೋ ಕೆಲವು ದಿನ ಬಾರದೆ ಹೋದ ಮಗುವು ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದೆ ಹತ್ತುವ ಏರ್ಪಾಡು ಅದು. ಆದರೆ ಏಣಿಯಿದ್ದರೂ, ಮೂರು ಮೆಟ್ಟಿಲು ಕೆಳಗಿಳಿದು ಬಂದ ಮಗು ಆ ಮೂರನ್ನು ಮತ್ತೆ ಹತ್ತಲೇಬೇಕಲ್ಲವೇ?

ಇನ್ನು ನಮ್ಮ ಊರಿಗೇ ವಿಶಿಷ್ಟವಾದ ಒಂದು ಸಂಗತಿಯಿದೆ. ನಮ್ಮ ಮಕ್ಕಳಿಗೆ ಕನ್ನಡವು ಶಾಲೆಯ ಭಾಷೆ. ಮನೆಯಲ್ಲಿ ಕೊಂಕಣಿ, ಅಂಗಳ ದಾಟಿದರೆ ತುಳು. ರಜೆಯಲ್ಲಿ ಕನ್ನಡ ಕಿವಿಗೆ ಬೀಳುವುದೇ ಅಪರೂಪ. ಹುಡುಗನೊಬ್ಬನು ‘ಅಕ್ಕ ಬಂತು’ ಎಂದು ಬರೆದನೆನ್ನಿ. ನೋಡಿದವರು ನಕ್ಕಾರು. ಆದರೆ ನಮ್ಮ ಮನೆಗಳ ಕೊಂಕಣಿಯಲ್ಲಿ ಮದುವೆಯಾಗದ ಹುಡುಗಿಯನ್ನು ನಪುಂಸಕ ಲಿಂಗದಲ್ಲೇ ಕರೆಯುತ್ತೇವಷ್ಟೆ. ಆ ಹುಡುಗನು ತನ್ನ ತಾಯ್ನುಡಿಯ ವ್ಯಾಕರಣವನ್ನು ತಪ್ಪಿಲ್ಲದೆ ಪಾಲಿಸಿದ್ದಾನೆ. ಕನ್ನಡದ ದಾರಿ ಬೇರೆಯೆಂಬುದನ್ನು ಅವನಿಗೆ ತೋರಿಸಿಕೊಟ್ಟರಾಯಿತು. ತುಳು ಮನೆಯ ಮಕ್ಕಳಿಗೆ ಮತ್ತೊಂದು ಬಾಗಿಲಿದೆ. ಪೂ, ಪಿಲಿ, ಪತ್ತ್, ಪಂಜಿ ಎಂಬ ನಾಲ್ಕು ತುಳು ಶಬ್ದಗಳನ್ನು ಹಲಗೆಯ ಒಂದು ಬದಿಗೆ, ಹೂ, ಹುಲಿ, ಹತ್ತು, ಹಂದಿ ಎಂಬುದನ್ನು ಇನ್ನೊಂದು ಬದಿಗೆ ಬರೆದು ಸುಮ್ಮನೆ ನಿಂತರೆ ಸಾಕು. ಎರಡು ನಿಮಿಷದಲ್ಲಿ ಯಾರಾದರೊಬ್ಬರು ಕೂಗುತ್ತಾರೆ, ‘ಪ ಹೋಗಿ ಹ ಬಂತು!’ ಹಳಗನ್ನಡವು ನಡುಗನ್ನಡವಾಗುವಾಗ ನಡೆದ ಮಾರ್ಪಾಡನ್ನು ಎಂಟು ವರ್ಷದ ಮಗುವು ತಾನಾಗಿ ಕಂಡುಹಿಡಿಯುವ ಈ ಗಳಿಗೆಗಿಂತ ದೊಡ್ಡ ಬಹುಮಾನ ಶಿಕ್ಷಕನಿಗೆ ಬೇರೊಂದಿಲ್ಲ.

ಮನೆಯ ಮಾತಿನಿಂದ ಕನ್ನಡ ಕೆಡುತ್ತದೆಂದು ಮಕ್ಕಳೊಡನೆ ಕೊಂಕಣಿಯನ್ನೇ ಬಿಟ್ಟ ಹೆತ್ತವರಿದ್ದಾರೆ. ಇಂಗ್ಲಿಷಿಗಾಗಿ ಎರಡನ್ನೂ ಬಿಟ್ಟವರು ಈಗ ಹೆಚ್ಚು. ಅವರ ಆತಂಕ ನಮಗೆ ಅರ್ಥವಾಗುತ್ತದೆ, ಆದರೆ ಒಪ್ಪಿಗೆಯಾಗುವುದಿಲ್ಲ. ಫ್ರಾನ್ಸಿನ ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾಸಾಲ್‌ರನ್ನು (1651-1719) ನೆನೆಯೋಣ. ಲ್ಯಾಟಿನ್ ಭಾಷೆಯಲ್ಲಿ ಓದು ಆರಂಭಿಸುವುದೇ ರೂಢಿಯಾಗಿದ್ದ ಕಾಲದಲ್ಲಿ, ಬಡವರ ಮಕ್ಕಳಿಗೆ ಮೊದಲು ತಮ್ಮ ಮಾತಾದ ಫ್ರೆಂಚಿನಲ್ಲಿ ಓದು ಕಲಿಸಿದವರು ಅವರು. 1950ರಲ್ಲಿ ಹನ್ನೆರಡನೆಯ ಭಕ್ತಿನಾಥ ಜಗದ್ಗುರುಗಳು ಅವರನ್ನು ಶಿಕ್ಷಕರ ಪಾಲಕ ಸಂತರೆಂದು ಸಾರಿದರು. ದೂರ ಹೋಗುವುದೇಕೆ? ಕನ್ನಡದ ಮಕ್ಕಳಿಗೆ ಪದ್ಯಗಳನ್ನು ಕೊಟ್ಟ ಪಂಜೆ ಮಂಗೇಶರಾಯರ (1874-1937) ಮನೆಮಾತು ಕೊಂಕಣಿ. ಪ್ರಭು ಯೇಸುವಿನ ಮರಣವನ್ನು ಕುರಿತು ‘ಗೊಲ್ಗೊಥಾ’ ಕಾವ್ಯವನ್ನು ಬರೆದ ಮಂಜೇಶ್ವರದ ಗೋವಿಂದ ಪೈಗಳ (1883-1963) ಮನೆಮಾತೂ ಅದೇ. ಕೊಂಕಣಿಯು ಅವರ ಕನ್ನಡವನ್ನು ಕೆಡಿಸಿತೇ?

ರಜೆಯ ವಿಷಯಕ್ಕೆ ಬರೋಣ. ಕೆಲವು ಮನೆಗಳಲ್ಲಿ ಮಗುವಿನ ಕೈಗೆ ಮೊಬೈಲು ಕೊಟ್ಟು ನೆಮ್ಮದಿ ಪಡೆಯುತ್ತಾರೆ. ಕೆಲವು ಮನೆಗಳಲ್ಲಿ ನಾಲ್ಕನೆಯ ತರಗತಿಯ ಪುಸ್ತಕವನ್ನು ಏಪ್ರಿಲ್ ತಿಂಗಳಲ್ಲೇ ತಂದು ಟ್ಯೂಷನಿಗೆ ಹಚ್ಚುತ್ತಾರೆ. ಅಂತಹ ಮಗು ಜೂನ್ ತಿಂಗಳಲ್ಲಿ ಪಾಠವನ್ನು ಹಳಸಿದ ಗಂಜಿಯಂತೆ ನೋಡುತ್ತದೆ. ಮತ್ತೆ ಕೆಲವು ಮನೆಗಳಲ್ಲಿ ತಾಯಿ ಬೀಡಿ ಕಟ್ಟಿ ಸಂಸಾರ ತೂಗಿಸುವಾಗ ಮಗುವೂ ಪಕ್ಕದಲ್ಲಿ ಕುಳಿತು ನೆರವಾಗುವುದುಂಟು. ಆ ತಾಯಂದಿರ ಶ್ರಮದ ಬಗ್ಗೆ ನಮಗೆ ಗೌರವವಿದೆ. ಆದರೂ ಹೊಗೆಸೊಪ್ಪಿನ ಧೂಳು ಮಗುವಿನ ಎದೆಗೆ ಇಳಿಯಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ.

ಹಾಗಾದರೆ ಮಾಡುವುದೇನು? ದುಡ್ಡು ಖರ್ಚಾಗುವ ಯಾವುದನ್ನೂ ನಾವು ಸೂಚಿಸುವುದಿಲ್ಲ. ಏಪ್ರಿಲ್ ಮೇ ತಿಂಗಳೆಂದರೆ ನಮ್ಮಲ್ಲಿ ಹಲಸಿನ ಹಪ್ಪಳದ ಕಾಲ. ಚಾಪೆಯ ಮೇಲೆ ಏಳು ಸಾಲು, ಸಾಲಿಗೆ ಹನ್ನೆರಡರಂತೆ ಹಪ್ಪಳ ಹರಡಿ, ಕಾಗೆ ಕಾಯುವ ಮಗುವನ್ನು ಎಷ್ಟಾಯಿತೆಂದು ಕೇಳಿ ನೋಡಿ. ಮೊದಲ ದಿನ ಒಂದೊಂದಾಗಿ ಎಣಿಸೀತು. ಮೂರನೆಯ ದಿನ ಸಾಲುಗಳನ್ನು ನೋಡಿಯೇ ಎಂಬತ್ತನಾಲ್ಕು ಎಂದೀತು. ಮಗ್ಗಿಯೆಂಬುದು ಬಾಯಿಪಾಠವಲ್ಲ, ಎಣಿಸುವ ಶ್ರಮವನ್ನು ಉಳಿಸುವ ಉಪಾಯವೆಂದು ಅದಕ್ಕೆ ಹೊಳೆಯುವುದು ಆ ಚಾಪೆಯ ಬಳಿಯಲ್ಲಿ.

ಅಜ್ಜಂದಿರು ಇನ್ನೂ ದೊಡ್ಡ ಭಂಡಾರ. 1974ರ ಭೂಸುಧಾರಣೆಯ ತಿದ್ದುಪಡಿಗೆ ಮುಂಚೆ ಇಲ್ಲಿನ ಒಕ್ಕಲುಗಳು ಗೇಣಿಯನ್ನು ಅಳೆಯುತ್ತಿದ್ದುದು ಮುಡಿ ಲೆಕ್ಕದಲ್ಲಿ. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ‘ಹದಿನೆಂಟು ಮುಡಿ ಗೇಣಿಯೆಂದರೆ ಎಷ್ಟು ಸೇರು ಅಕ್ಕಿ?’ ಎಂದು ಅಜ್ಜ ಕೇಳಲಿ. ಏಳುನೂರ ಐವತ್ತಾರು ಎಂಬ ಉತ್ತರ ಬರುವಷ್ಟರಲ್ಲಿ ಗುಣಾಕಾರವೂ ಆಯಿತು, ಗೇಣಿ ಎಂಬುದು ಒಕ್ಕಲು ಮನೆಯ ಕಣಜದಿಂದ ಎಷ್ಟನ್ನು ಒಯ್ಯುತ್ತಿತ್ತೆಂಬ ಅರಿವೂ ಆಯಿತು. ಈ ಎರಡನೆಯದು ಮೂರನೆಯ ತರಗತಿಯ ಪುಸ್ತಕದಲ್ಲಿಲ್ಲ. ಅದನ್ನು ಹೇಳಬಲ್ಲ ಅಜ್ಜಂದಿರು ನಮ್ಮ ಧರ್ಮಕೇಂದ್ರದಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ನಮ್ಮ ಹಬ್ಬಗಳೂ ತರಗತಿಗೆ ನೆರವಾಗಿ ಒದಗಿಬಂದಿವೆ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಕನ್ಯಾ ಮರಿಯಮ್ಮನವರಿಗೆ ಹೂವು ಅರ್ಪಿಸಿ, ಸೆಪ್ಟೆಂಬರ್ 8ರಂದು ತೆನೆಯನ್ನು ಮನೆಗೆ ಒಯ್ಯುತ್ತಾರಲ್ಲವೇ? ಆ ಒಂಬತ್ತು ದಿನ ನಮ್ಮ ಮೂರನೆಯ ತರಗತಿಯಲ್ಲಿ ಹೂವೇ ಪಾಠ. ಇಗರ್ಜಿಗೆ ಬುಟ್ಟಿ, ತರಗತಿಗೆ ಒಂದು ಹೂ. ಅದರ ಹೆಸರನ್ನು ಕೊಂಕಣಿ, ತುಳು, ಕನ್ನಡ ಮೂರರಲ್ಲೂ ಬರೆಯಬೇಕು. ಗೊತ್ತಿಲ್ಲದಿದ್ದರೆ ಮನೆಯಲ್ಲಿ ಕೇಳಿಕೊಂಡು ಬರಬೇಕು. ದಾಸವಾಳಕ್ಕೆ ಎಸಳು ಐದು ಎಂಬುದನ್ನು ಎಣಿಸಿ ಒಪ್ಪಬೇಕು. ಶಂಖಪುಷ್ಪದ ಕಾಯಿಯನ್ನು ಬಿಡಿಸಿದ ಹುಡುಗಿಯೊಬ್ಬಳು ‘ಇದು ಅಲಸಂಡೆಯ ನೆಂಟ’ ಎಂದಳು. ಸಸ್ಯಶಾಸ್ತ್ರವೂ ಅವೆರಡನ್ನು ಒಂದೇ ಕುಟುಂಬಕ್ಕೆ ಸೇರಿಸಿದೆಯೆಂದು ತಿಳಿದಾಗ ಆಕೆಗಾದ ಹಿಗ್ಗನ್ನು ನೋಡಬೇಕಿತ್ತು!

ಕ್ರಿಸ್ಮಸ್ ಕಾಲದ ಮಾತೂ ಹೀಗೆಯೇ. ಗೋದಲಿಯ ಸುತ್ತ ಹಸಿರು ಹಾಸಲು ಹತ್ತು ದಿನ ಮುಂಚೆ ಗೆರಟೆಗಳಲ್ಲಿ ಭತ್ತವನ್ನೋ ರಾಗಿಯನ್ನೋ ಬಿತ್ತುತ್ತೇವೆ. ಒಂದು ಗೆರಟೆಯನ್ನು ಕಿಟಕಿಯಲ್ಲಿ, ಮತ್ತೊಂದನ್ನು ಕಪಾಟಿನೊಳಗೆ ಇಡಿಸಿ, ದಿನಕ್ಕೊಮ್ಮೆ ಅಡಿಕೋಲಿನಿಂದ ಅಳೆದು ಬರೆಯಲು ಹೇಳಿದೆವು. ಕತ್ತಲೆಯ ಮೊಳಕೆ ಉದ್ದವಾಗಿ, ಹಳದಿಯಾಗಿ, ಬಾಗಿ ಬಿತ್ತು. ಬೆಳಕು ಏಕೆ ಬೇಕೆಂದು ನಾವು ಉಪನ್ಯಾಸ ಮಾಡಬೇಕಾಗಿ ಬರಲಿಲ್ಲ. ಸಂತ ಫ್ರಾನ್ಸಿಸ್ ಅಸ್ಸಿಸಿಯವರು 1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ಗೋದಲಿಯನ್ನು ಮಾಡಿದ್ದೂ ಕೇಳಿ ತಿಳಿದುದನ್ನು ಜನರು ಕಣ್ಣಾರೆ ಕಾಣಲೆಂದೇ ಅಲ್ಲವೇ?

ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯಲ್ಲಿ ಮಕ್ಕಳ ಮೊದಲ ಶಿಕ್ಷಕರು ತಂದೆತಾಯಿಯರೇ ಎಂದು ಹೇಳಿದೆ. ಇದನ್ನು ಅನೇಕರು ಜಪ ಕಲಿಸುವುದಕ್ಕೆ ಮಾತ್ರ ಅನ್ವಯಿಸಿಕೊಳ್ಳುತ್ತಾರೆ. ಮಗ್ಗಿಗೂ ಒತ್ತಕ್ಷರಕ್ಕೂ ಅದು ಅನ್ವಯಿಸುತ್ತದೆಂಬುದು ನಮ್ಮ ಅಭಿಪ್ರಾಯ. ಓದು ಬಾರದ ತಾಯಂದಿರು ಸಂಕೋಚಪಡಬೇಕಾಗಿಲ್ಲ. ಮಗು ಓದಿ ಹೇಳಲಿ, ತಾವು ಒಲೆಯ ಮುಂದೆ ಕುಳಿತೇ ಕೇಳಿ. ಅರ್ಥವಾಗದಿದ್ದಲ್ಲಿ ‘ಹಾಗೆಂದರೇನು?’ ಎಂದು ಕೇಳಿ. ಆಗ ಮಗು ಅದನ್ನು ಕೊಂಕಣಿಯಲ್ಲಿ ವಿವರಿಸಬೇಕಾಗುತ್ತದೆ. ವಿವರಿಸಲು ಬಂದರೆ ಪಾಠ ಬಂದಿತೆಂದೇ ಲೆಕ್ಕ.

ಬರುವ ರಜೆಗೆ ನಾವು ಮಾಡಿಕೊಂಡಿರುವ ಏರ್ಪಾಡನ್ನು ತಿಳಿಸಿ ಮಾತು ಮುಗಿಸುತ್ತೇವೆ. ಪ್ರಥಮ ಪರಮಪ್ರಸಾದದ ಸಿದ್ಧತೆಗಾಗಿ ಮಕ್ಕಳು ಬೆಳಿಗ್ಗೆ ಹೇಗೂ ಧರ್ಮೋಪದೇಶಕ್ಕೆ ಬರುತ್ತಾರೆ. ಅದು ಮುಗಿದ ಮೇಲೆ ಒಂದು ಗಂಟೆ ಶಾಲೆಯ ಜಗಲಿಯಲ್ಲಿ ಆಟ, ಕತೆ, ಓದು ನಡೆಯುತ್ತದೆ. ಅಲ್ಲಿ ಪಠ್ಯಪುಸ್ತಕವನ್ನು ತೆರೆಯುವುದಿಲ್ಲ. ಪ್ರತಿ ಮಗುವಿಗೂ ಗೆರೆಯಿಲ್ಲದ ಒಂದು ಪುಸ್ತಕವನ್ನು ಶಾಲೆಯಿಂದಲೇ ಕೊಡಲಾಗುವುದು. ವಾರಕ್ಕೆ ಮೂರು ಪುಟ: ಹಿರಿಯರಿಂದ ಕೇಳಿದ್ದೊಂದು, ಎಣಿಸಿದ್ದು ಅಥವಾ ಅಳೆದದ್ದೊಂದು, ಕಂಡು ಬಿಡಿಸಿದ ಚಿತ್ರವೊಂದು. ತಪ್ಪುಗಳನ್ನು ಮನೆಯಲ್ಲಿ ತಿದ್ದಬೇಡಿ. ಜೂನ್ ತಿಂಗಳ ಮೊದಲ ಹತ್ತು ದಿನ ಈ ಪುಸ್ತಕಗಳೇ ನಾಲ್ಕನೆಯ ತರಗತಿಯ ಪಾಠವಾಗಲಿವೆ. ತಿದ್ದುವ ಕೆಲಸ ನಮಗಿರಲಿ.

ಇಗರ್ಜಿಯ ಸಭಾಂಗಣದ ಕಪಾಟಿನಲ್ಲಿ ಮಕ್ಕಳ ಪುಸ್ತಕಗಳನ್ನು ಜೋಡಿಸಿಟ್ಟಿದ್ದೇವೆ. ರಜೆಯ ಪ್ರತಿ ರವಿವಾರ ಎರಡನೆಯ ಬಲಿಪೂಜೆಯ ಬಳಿಕ ಅದನ್ನು ತೆರೆಯಲಾಗುವುದು. ಪುಸ್ತಕವನ್ನು ಆರಿಸಿಕೊಳ್ಳುವ ಕೆಲಸವನ್ನು ದಯವಿಟ್ಟು ಮಕ್ಕಳಿಗೇ ಬಿಡಿ. ಹೆತ್ತವರು ಅಷ್ಟು ಹೊತ್ತು ಹೊರಗೆ ಮಾವಿನ ಮರದಡಿಯಲ್ಲಿ ಮಾತನಾಡುತ್ತ ಕಾಯಬಹುದು.