ಕಸ ವಿಂಗಡಿಸುವವರ ಉಸಿರು ನಮ್ಮ ಹೊಣೆ

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ), ಅವರ ಕುಟುಂಬದವರು ಹಾಗೂ ಸಹಾಬಿಗಳ ಮೇಲೆ ಶಾಂತಿ ಇರಲಿ.



ಮದೀನಾದ ಮಸೀದಿಯನ್ನು ಗುಡಿಸುತ್ತಿದ್ದ ಮಹಿಳೆಯೊಬ್ಬರು ತೀರಿಕೊಂಡಾಗ ಸಹಾಬಿಗಳು ಪ್ರವಾದಿಯವರಿಗೆ(ಸ) ತಿಳಿಸದೆ ದಫನ ಮಾಡಿದ್ದರು. ಆಕೆ ಕಾಣದಿದ್ದಾಗ ಪ್ರವಾದಿಯವರೇ(ಸ) ವಿಚಾರಿಸಿದರು. ಕಬರ್ ತೋರಿಸಲು ಹೇಳಿ, ಅಲ್ಲಿಗೆ ಹೋಗಿ ನಮಾಝ್ ನಿರ್ವಹಿಸಿದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ಘಟನೆ ಇದೆ. ನಮ್ಮ ಬೀದಿ ಗುಡಿಸುವವರನ್ನು ನಾವು ಎಂದಾದರೂ ವಿಚಾರಿಸಿದ್ದೇವೆಯೇ?

ಚಳ್ಳಕೆರೆಯಲ್ಲಿ ನಗರಸಭೆಯ, ಮೊಳಕಾಲ್ಮೂರಿನಲ್ಲಿ ಪಟ್ಟಣ ಪಂಚಾಯಿತಿಯ ಕಸದ ಗಾಡಿಗೆ ನಾವು ಅನ್ನ, ಮೂಳೆ, ಡೈಪರ್, ಬಾಟಲಿ ಎಲ್ಲವನ್ನೂ ಒಂದೇ ಚೀಲದಲ್ಲಿ ಕಟ್ಟಿ ಹಾಕುತ್ತೇವೆ. ಆ ಗಂಟನ್ನು ಮುಂದೆ ಯಾರೋ ಕೈಯಿಂದ ಬಿಚ್ಚಬೇಕು.

ಶೇಂಗಾ ಸೀಮೆಯವರಾದ ನಮಗೆ ಬೂಷ್ಟು ಹೊಸದಲ್ಲ. ನೆನೆದ ಶೇಂಗಾ ಚೀಲ ಬಿಚ್ಚಿದರೆ ಪುಡಿ ಮೇಲೇಳುತ್ತದೆ, ಕೆಮ್ಮು ಬರುತ್ತದೆ. ಕೊಳೆತ ಕಸದಲ್ಲೂ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ. ಕಸ ಸುರಿದಾಗ ಅವು ಧೂಳಿನೊಂದಿಗೆ ಗಾಳಿಗೆ ಸೇರಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಸತ್ತ ಬ್ಯಾಕ್ಟೀರಿಯಾದ ಚೂರುಗಳು ಸಹ ಜ್ವರ, ಎದೆಬಿಗಿತ ತರಬಲ್ಲವು. ಡೆನ್ಮಾರ್ಕಿನ ಒಂದು ಕಸ ವಿಂಗಡಣಾ ಘಟಕದಲ್ಲಿ ಎಂಟೇ ತಿಂಗಳಲ್ಲಿ 15 ಕೆಲಸಗಾರರ ಪೈಕಿ 8 ಮಂದಿಗೆ ಅಸ್ತಮಾ ಬಂದುದನ್ನು ಸಂಶೋಧಕರು 1992ರಲ್ಲಿ ದಾಖಲಿಸಿದ್ದಾರೆ. ಮುಂದುವರಿದ ದೇಶದ ಪಾಡೇ ಹೀಗಾದರೆ, ಬಾಯಿಗೆ ಕರ್ಚೀಫು ಕಟ್ಟಿಕೊಂಡು ದುಡಿಯುವ ನಮ್ಮವರ ಗತಿಯೇನು? ಬಟ್ಟೆ ಈ ಸೂಕ್ಷ್ಮ ಕಣಗಳನ್ನು ಸರಿಯಾಗಿ ತಡೆಯುವುದಿಲ್ಲ.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಎರಡೂ ಮಾತಿದ್ದವು: ಮನೆಯವರು ಹಸಿ ಕಸ, ಒಣ ಕಸ, ಅಪಾಯಕಾರಿ ಕಸ ಬೇರೆ ಮಾಡಬೇಕು, ಕೆಲಸಗಾರರಿಗೆ ಕೈಗವಸು, ಬೂಟು, ಮಾಸ್ಕ್ ಕೊಡಬೇಕು ಎಂದು. ಎರಡನೆಯದನ್ನು ಸ್ಥಳೀಯ ಆಡಳಿತದಿಂದ ಕೇಳೋಣ. ಮೊದಲನೆಯದು ನಮ್ಮ ಕೈಯಲ್ಲೇ ಇದೆ. ಹಸಿ ಕಸವನ್ನು ದಿನಗಟ್ಟಲೆ ಕಟ್ಟಿಡದೆ ಅಂದಂದೇ ಕೊಡೋಣ. ಡೈಪರ್, ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಡೋಣ. ವಲೀಮಾ, ಬಕ್ರೀದ್ ದಿನಗಳಲ್ಲಿ ಇನ್ನೂ ಎಚ್ಚರ ಬೇಕು.

ಗುಜರಿ ವ್ಯಾಪಾರ ನಡೆಸುವ ಸಹೋದರರಿಗೆ ವಿಶೇಷವಾಗಿ ಹೇಳುತ್ತೇವೆ. ಮುಚ್ಚಿದ ಗೋದಾಮಿನಲ್ಲಿ ವಿಂಗಡಣೆ ಮಾಡಿಸಬೇಡಿ. ಗಾಳಿಯಾಡುವ ಜಾಗ ಕೊಡಿ. ಗುಡಿಸುವ ಮುನ್ನ ನೀರು ಚಿಮುಕಿಸಿ. ಎನ್-95 ಮಾಸ್ಕ್, ಕೈ ತೊಳೆಯಲು ಸೋಪು ಇಡಿ. ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಬೇಡಿ. ಎರಡು ವಾರ ಮೀರಿ ಕೆಮ್ಮುವವರನ್ನು ಸರ್ಕಾರಿ ಆಸ್ಪತ್ರೆಗೆ ಕಳುಹಿಸಿ. ಆ ದಿನದ ಕೂಲಿ ಕತ್ತರಿಸಬೇಡಿ.

ಇದು ಉಪಕಾರವಲ್ಲ, ಹುಕೂಕುಲ್ ಇಬಾದ್. ಅಂದರೆ ಅವರು ಯಾವ ಧರ್ಮದವರೇ ಆಗಲಿ, ನಮ್ಮ ಮೇಲೆ ಅವರಿಗಿರುವ ಹಕ್ಕು. ಶುಚಿತ್ವವನ್ನು ಈಮಾನಿನ ಭಾಗವೆಂದು ನಂಬುವ ನಾವು ನಮ್ಮ ಮನೆಯ ಶುಚಿತ್ವಕ್ಕೆ ಇನ್ನೊಬ್ಬರ ಉಸಿರನ್ನು ಬೆಲೆಯಾಗಿ ತೆರುವಂತಿಲ್ಲ.

ದುಡಿಯುವವರೆಲ್ಲರಿಗೂ ಅಲ್ಲಾಹನು ಆರೋಗ್ಯ ಕರುಣಿಸಲಿ, ಅವರ ಹಕ್ಕು ಸಲ್ಲಿಸುವ ತೌಫೀಕ್ ನಮಗೆ ನೀಡಲಿ. ಆಮೀನ್.