ಡಬ್ಬಿಯ ಬಣ್ಣ ಹೇಳದ ಮಾತು



ಮೊಟ್ಟೆಯ ಹಳದಿಗೆ ಬೇಕಾದ ಪ್ರೋಟೀನುಗಳ ವಂಶವಾಹಿಗಳು ಹೇಂಟೆಯಲ್ಲಿರುವಂತೆ ಹುಂಜದಲ್ಲಿಯೂ ಇವೆ. ಆದರೆ ಹುಂಜದಲ್ಲಿ ಅವು ಸುಮ್ಮನಿರುತ್ತವೆ. ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನನ್ನು ಚುಚ್ಚಿದರೆ ಹುಂಜದ ಯಕೃತ್ತೂ ಆ ಪ್ರೋಟೀನುಗಳನ್ನು ತಯಾರಿಸತೊಡಗುತ್ತದೆ. ವೈಯಾಲಿಕಾವಲಿನಿಂದ ಅನತಿದೂರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಆರ್. ಅಡಿಗ ಅವರು, ಮೊಟ್ಟೆಗೆ ರೈಬೋಫ್ಲಾವಿನ್ ಜೀವಸತ್ವವನ್ನು ಒಯ್ಯುವ ಇಂಥದೊಂದು ಪ್ರೋಟೀನನ್ನು ದೀರ್ಘಕಾಲ ಅಧ್ಯಯನ ಮಾಡಿದರು. ಆ ಪ್ರೋಟೀನನ್ನು ತಯಾರಿಸಲಾರದ ತಳಿಯ ಹೇಂಟೆಗಳ ಮೊಟ್ಟೆಯಲ್ಲಿ ಭ್ರೂಣವು ಸುಮಾರು 13ನೆಯ ದಿನಕ್ಕೆ ಸಾಯುತ್ತದೆ. ಹಾರ್ಮೋನಿನ ಒಂದು ಅಪ್ಪಣೆಯ ಮೇಲೆ ಮುಂದಿನ ಪೀಳಿಗೆಯೇ ನಿಂತಿದೆ.

ಈ ಅಪ್ಪಣೆ ಜಾರಿಯಾಗುವ ಬಗೆ ಹೀಗೆ. ಹಾರ್ಮೋನು ತಾನೇ ಡಿಎನ್‌ಎಯನ್ನು ಮುಟ್ಟುವುದಿಲ್ಲ. ಜೀವಕೋಶದೊಳಗೆ ಹೋಗಿ ಗ್ರಾಹಕವೆಂಬ ಪ್ರೋಟೀನಿನ ಕುಳಿಯಲ್ಲಿ ಸೇರಿಕೊಳ್ಳುತ್ತದೆ. ಆಗ ಗ್ರಾಹಕದ ಆಕಾರ ಬದಲಾಗಿ, ಎರಡು ಗ್ರಾಹಕಗಳು ಜೊತೆಗೂಡಿ ಡಿಎನ್‌ಎಯನ್ನು ಹಿಡಿಯುತ್ತವೆ. ಹಿಡಿಯುವ ಭಾಗಕ್ಕೆ ‘ಸತುವಿನ ಬೆರಳು’ ಎಂದು ಹೆಸರು. ಒಂದೊಂದು ಬೆರಳನ್ನೂ ಸತುವಿನ ಒಂದು ಪರಮಾಣು ಬಿಗಿಯಾಗಿ ನಿಲ್ಲಿಸಿರುತ್ತದೆ. ಡಿಎನ್‌ಎಯ ಬರಹದಲ್ಲಿರುವುದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳು. ಅದರಲ್ಲಿ ಎ-ಜಿ-ಜಿ-ಟಿ-ಸಿ-ಎ ಎಂಬ ಗುರುತನ್ನೂ, ಮೂರು ಅಕ್ಷರಗಳಾಚೆ ಎದುರುಮುಖವಾಗಿರುವ ಅದರ ಜೋಡಿಯನ್ನೂ ಈಸ್ಟ್ರೋಜನ್ ಗ್ರಾಹಕಗಳು ಗುರುತಿಸುತ್ತವೆ. ಅನಂತರ ಬೇರೆ ಪ್ರೋಟೀನುಗಳು ಬಂದು ಸೇರಿ ವಂಶವಾಹಿಯ ನಕಲು ತೆಗೆಯುವ ಕಾರ್ಯ ಆರಂಭವಾಗುತ್ತದೆ. ಪುರುಷ ಹಾರ್ಮೋನಾದ ಟೆಸ್ಟೋಸ್ಟೆರಾನ್‌ನ ಗ್ರಾಹಕವೂ ಇದೇ ಮನೆತನದ್ದು.

ಗ್ರಾಹಕದ ಕುಳಿಗೆ ತನ್ನವರು, ಪರಕೀಯರು ಎಂಬ ಭೇದ ಪೂರ್ತಿಯಾಗಿ ತಿಳಿಯದು. ಎಂಡೋಸಲ್ಫಾನ್ ಈಸ್ಟ್ರೋಜನ್ನಿನಂತೆ ದುರ್ಬಲವಾಗಿ ವರ್ತಿಸುತ್ತದೆಂದು 1994ರಲ್ಲಿ ಮಾನವ ಜೀವಕೋಶಗಳ ಮೇಲಿನ ಪ್ರಯೋಗ ತೋರಿಸಿತು. ಕಾಸರಗೋಡಿನ ಗೇರುತೋಟಗಳಲ್ಲಿ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದು ಇದನ್ನೇ. ಅಲ್ಲಿನ ಪಡ್ರೆ ಗ್ರಾಮದ 117 ಹುಡುಗರನ್ನು ಸಿಂಪಡಣೆಯಾಗದ ಊರಿನ 90 ಹುಡುಗರೊಡನೆ ಹೋಲಿಸಿ, ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು 2003ರಲ್ಲಿ ವರದಿ ಪ್ರಕಟಿಸಿದರು. ಪಡ್ರೆಯ ಹುಡುಗರಲ್ಲಿ ಪ್ರೌಢಾವಸ್ಥೆ ತಡವಾಗಿತ್ತು. ವಯಸ್ಸಿಗೆ ಹೋಲಿಸಿದರೆ ಟೆಸ್ಟೋಸ್ಟೆರಾನ್ ಕಡಿಮೆಯಿತ್ತು. ಹಾರ್ಮೋನು ಕಡಿಮೆಯಾದಲ್ಲಿ ಗ್ರಾಹಕವು ಡಿಎನ್‌ಎಗೆ ಮುಟ್ಟಿಸಬೇಕಾದ ಅಪ್ಪಣೆಯೂ ಕ್ಷೀಣಿಸುತ್ತದೆ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಗೇರುತೋಟಗಳಲ್ಲಿಯೂ ಇದೇ ವಿಷದ ಸಿಂಪಡಣೆ ನಡೆದಿತ್ತು. ಸರ್ವೋಚ್ಚ ನ್ಯಾಯಾಲಯವು ಅದನ್ನು ದೇಶದಾದ್ಯಂತ ತಡೆದದ್ದು 2011ರ ಮೇ ತಿಂಗಳಿನಲ್ಲಿ.

ಒಂದು ಹೆಸರು ಹೋಯಿತು, ಪ್ರಶ್ನೆ ಹೋಗಿಲ್ಲ. ಕೀಟನಾಶಕದ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ ಅಥವಾ ಹಸಿರು ಗುರುತಿರುತ್ತದೆ. ಅದು ತಿಳಿಸುವುದು ಎಷ್ಟು ಪ್ರಮಾಣದ ವಿಷ ಮೈಸೇರಿದರೆ ಪ್ರಾಣಿ ಕೂಡಲೇ ಸಾಯುತ್ತದೆ ಎಂಬುದನ್ನು ಮಾತ್ರ. ಹಾರ್ಮೋನುಗಳ ಕೆಲಸವಾದರೋ ಅತ್ಯಲ್ಪ ಪ್ರಮಾಣದಲ್ಲಿ, ಗೊತ್ತಾದ ವಯಸ್ಸಿನಲ್ಲಿ ನಡೆಯುವಂಥದು. ಗರ್ಭದಲ್ಲಿ ತಪ್ಪಿದ ಅಪ್ಪಣೆಯ ಫಲ ಹಲವು ವರ್ಷಗಳ ಬಳಿಕ ಕಾಣಿಸಬಹುದು. ಹಸಿರು ಗುರುತೆಂದರೆ ಹಾರ್ಮೋನುಗಳಿಗೆ ನಿರಪಾಯವೆಂಬ ಅರ್ಥವಿಲ್ಲ.

ಆದುದರಿಂದ ಯಾವ ತೋಟಕ್ಕೆ, ಯಾವ ದಿನ, ಯಾವ ಔಷಧಿ, ಎಷ್ಟು ಎಂಬುದನ್ನು ಪ್ರತಿ ಊರಿನಲ್ಲಿಯೂ ಬರೆದಿಡಬೇಕು. ಬಸುರಿಯರನ್ನೂ ಮಕ್ಕಳನ್ನೂ ಸಿಂಪಡಣೆಯಿಂದ ದೂರವಿಡಬೇಕು. ಉಳಿದ ದ್ರಾವಣವನ್ನೂ ಡಬ್ಬಿ ತೊಳೆದ ನೀರನ್ನೂ ತೋಡಿಗೆ ಬಿಡಬಾರದು. ಮುಂದೊಂದು ದಿನ ವೈದ್ಯರು ಬಂದು ಕೇಳಿದಾಗ ಊರಿನ ಬಳಿ ನೆನಪಿನ ಜೊತೆಗೆ ದಾಖಲೆಯೂ ಇರಲಿ. ಓದುಬರಹ ಬಲ್ಲ ವಿದ್ಯಾರ್ಥಿಗಳು ಈ ಕೆಲಸವನ್ನು ಈ ಹಂಗಾಮಿನಿಂದಲೇ ಆರಂಭಿಸಬಹುದು.