ಸಮುದ್ರವಿಲ್ಲದ ಜಿಲ್ಲೆಯ ಮಕ್ಕಳು ಮತ್ತು ಕಡಲಸ್ನಾನ

(ಕೋಲಾರ, ಮಾಲೂರು, ಮುಳಬಾಗಿಲು ಹಾಗೂ ಶ್ರೀನಿವಾಸಪುರ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



2024ರ ಡಿಸೆಂಬರ್ 10ರಂದು, ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರಿಂದ ಪ್ರವಾಸಕ್ಕೆ ತೆರಳಿದ್ದ ನಾಲ್ವರು ವಿದ್ಯಾರ್ಥಿನಿಯರು ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದ ಕಡಲತೀರದಲ್ಲಿ ನೀರುಪಾಲಾದರು. ಅವರೊಡನೆ ಅಲೆಗೆ ಸಿಲುಕಿದ್ದ ಇನ್ನು ಮೂವರು ಬದುಕಿ ಬಂದರು. ಸರ್ಕಾರವು ಮೃತರ ಕುಟುಂಬಗಳಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಆ ತೀರವನ್ನು ಕೆಲಕಾಲ ಪ್ರವಾಸಿಗರಿಗೆ ಮುಚ್ಚಲಾಯಿತು. ಅನಂತರದ ಚರ್ಚೆಯೆಲ್ಲ ತಪ್ಪು ಯಾರದೆಂಬುದರ ಸುತ್ತಲೇ ನಡೆಯಿತು. ಅದನ್ನು ತೀರ್ಮಾನಿಸಲು ಕಾನೂನಿದೆ. ಇಲ್ಲಿ ಎತ್ತಿಕೊಂಡಿರುವ ಪ್ರಶ್ನೆ ಬೇರೆ. ಈ ಜಿಲ್ಲೆಯಿಂದ ಮುಂದಿನ ಬಸ್ಸು ಕರಾವಳಿಗೆ ಹೊರಡುವ ಮುನ್ನ ಊರಿನವರಿಗೆ ಏನು ತಿಳಿದಿರಬೇಕು?

ಕೋಲಾರದವರಿಗೆ ನೀರೆಂದರೆ ಕೆರೆ, ಕುಂಟೆ, ಕಲ್ಯಾಣಿ, ಬಾವಿ. ವರ್ಷವಿಡೀ ಹರಿಯುವ ಹೊಳೆ ಈ ಜಿಲ್ಲೆಯಲ್ಲಿ ಒಂದೂ ಇಲ್ಲ. ಕೆರೆಯ ನೀರು ನಿಂತ ನೀರು. ಮೊಣಕಾಲುದ್ದದ ನೀರಿನಲ್ಲಿ ನಿಂತವನನ್ನು ಅದು ತಾನಾಗಿ ಎಳೆದೊಯ್ಯುವುದಿಲ್ಲ. ಇದೇ ಎಣಿಕೆಯನ್ನು ಹೊತ್ತು ಐನೂರು ಕಿಲೋಮೀಟರಿಗೂ ಮೀರಿದ ದಾರಿ ಸವೆಸಿ, ಮೊದಲ ಬಾರಿಗೆ ಸಮುದ್ರ ಕಂಡ ಮಗು ನೀರಿಗೆ ಇಳಿಯುತ್ತದೆ. ‘ಸೊಂಟದ ಮಟ್ಟಕ್ಕಿಂತ ಮುಂದೆ ಹೋಗಬೇಡಿ’ ಎಂದು ಹಿರಿಯರು ದಡದಿಂದ ಕೂಗುತ್ತಾರೆ. ಕೆರೆಗೆ ಆ ಮಾತು ಸಾಕು. ಕಡಲಿಗೆ ಸಾಲದು.

ಕಾರಣ ಇಷ್ಟೇ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹೇಗಾದರೂ ಹಿಂದಿರುಗಬೇಕು. ದಡದ ಆಚೆ ನೀರಿನಡಿಯಲ್ಲಿ ಮರಳಿನ ದಿಣ್ಣೆಗಳಿರುತ್ತವೆ. ದಿಣ್ಣೆ ತುಂಡಾದ ಕಡೆ ಕಿರಿದಾದ ಕಾಲುವೆಯಂತೆ ದಾರಿಯಾಗಿ, ಹಿಂದಿರುಗುವ ನೀರೆಲ್ಲ ಅಲ್ಲಿಂದಲೇ ರಭಸವಾಗಿ ಹೊರನುಗ್ಗುತ್ತದೆ. ಇದೇ ಸೆಳೆತ. ಅದರ ವೇಗ ಕೆಲವೊಮ್ಮೆ ಸೆಕೆಂಡಿಗೆ 2 ಮೀಟರನ್ನೂ ಮುಟ್ಟುತ್ತದೆ. ನುರಿತ ಈಜುಗಾರನೂ ಅದಕ್ಕೆ ಎದುರಾಗಿ ಈಜಲಾರ. ಇನ್ನೂ ಮೋಸದ ಸಂಗತಿಯೆಂದರೆ ಸೆಳೆತವಿರುವ ಜಾಗದಲ್ಲಿ ಅಲೆ ಅಷ್ಟಾಗಿ ಒಡೆಯುವುದಿಲ್ಲ. ಎಡಬಲಗಳಲ್ಲಿ ಬಿಳಿ ನೊರೆ, ನಡುವೆ ಕಪ್ಪಗೆ, ಶಾಂತವಾಗಿ ಕಾಣುವ ನೀರು. ಅಲೆಗೆ ಅಂಜಿದ ಮಕ್ಕಳು ಆರಿಸಿಕೊಳ್ಳುವುದು ಆ ಶಾಂತ ಜಾಗವನ್ನೇ. ಒಬ್ಬರ ಕೈ ಒಬ್ಬರು ಹಿಡಿದು ಸಾಲಾಗಿ ನಿಲ್ಲುವುದರಿಂದ ರಕ್ಷಣೆಯೇನೂ ಸಿಗದು. ಒಬ್ಬರು ಕಾಲು ಜಾರಿದರೆ ಸಾಲಿನ ಉಳಿದವರೂ ಹಿಂದೆಯೇ ಹೋಗಬಹುದು.

ಸೆಳೆತಕ್ಕೆ ಸಿಕ್ಕವರು ದಡದತ್ತ ನೇರವಾಗಿ ಈಜಲು ಹೆಣಗಬಾರದು. ಸೆಳೆತ ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ; ಮುಳುಗಿಸುವುದು ದಣಿವು ಮತ್ತು ಗಾಬರಿ. ಅಂಗಾತ ತೇಲುತ್ತ ಉಸಿರು ಉಳಿಸಿಕೊಂಡು, ಕೈಯೆತ್ತಿ ಸಹಾಯ ಬೇಡಬೇಕು. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಅಲೆ ಒಡೆಯುವ ಜಾಗ ಸೇರಿದರೆ ಆ ಅಲೆಗಳೇ ಅವರನ್ನು ದಡಕ್ಕೆ ನೂಕುತ್ತವೆ. ಈಜು ಬಾರದ ಮಗುವಿಗೆ ಈ ಉಪಾಯವೂ ಇಲ್ಲ ಎಂಬುದನ್ನು ಮರೆಮಾಚಬೇಕಾಗಿಲ್ಲ.

ಈಚೆಗೆ ಗೋಕರ್ಣದಿಂದ ಉಡುಪಿಯವರೆಗೆ ಕಡಲಂಚಿನಲ್ಲಿ ಡೇರೆ ಹಾಕಿ ತಂಗುವ ವ್ಯವಸ್ಥೆಗಳು ಹೆಚ್ಚಿವೆ. ಶಾಲಾ ತಂಡಗಳೂ ಯುವಕ ಸಂಘಗಳೂ ಅಲ್ಲಿ ಇಳಿದುಕೊಳ್ಳುತ್ತವೆ. ಡೇರೆಯ ಬಾಗಿಲಿಗೇ ಕಡಲಿದೆ ಎಂದಮಾತ್ರಕ್ಕೆ ಅಲ್ಲಿ ಈಜಬಹುದೆಂದು ಅರ್ಥವಲ್ಲ. ತಂಗುದಾಣಕ್ಕೆ ಬೇಕಾದದ್ದು ನೆರಳು, ಸಮತಟ್ಟು ನೆಲ, ಚೆಂದದ ನೋಟ. ಈಜಿಗೆ ಬೇಕಾದದ್ದು ಜೀವರಕ್ಷಕರು ಮತ್ತು ಅವರು ಗುರುತಿಸಿದ ನೀರು. ನದಿ ಸಮುದ್ರ ಸೇರುವ ಅಳಿವೆಯ ಪಕ್ಕದಲ್ಲಿ ಡೇರೆಗಳಿದ್ದರೆ ಇನ್ನೂ ಎಚ್ಚರ ಬೇಕು. ಇಳಿತದ ಹೊತ್ತಿನಲ್ಲಿ ಹೊಳೆಯ ನೀರೂ ಕಡಲಿನ ನೀರೂ ಒಟ್ಟಾಗಿ ಹೊರಕ್ಕೆ ಓಡುತ್ತವೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಆ ಓಟ ಮತ್ತಷ್ಟು ಬಿರುಸು. ಬೆಳಗಿನ ಜಾವ ಮತ್ತು ಮುಸ್ಸಂಜೆ, ಅಂದರೆ ಡೇರೆಯಲ್ಲಿ ತಂಗಿದವರಿಗೆ ನೀರಿಗಿಳಿಯುವ ಮನಸ್ಸಾಗುವ ಹೊತ್ತಿನಲ್ಲೇ, ಕಾವಲು ಇರುವುದಿಲ್ಲ.

ಗಾಳಿಮಳೆ ಇಲ್ಲದ ದಿನ ಕಡಲು ಸೌಮ್ಯವೆಂಬ ನಂಬಿಕೆಯೂ ಸರಿಯಲ್ಲ. ಸಾವಿರಾರು ಮೈಲಿ ದೂರದ ದಕ್ಷಿಣ ಸಾಗರದ ಬಿರುಗಾಳಿ ಎಬ್ಬಿಸಿದ ಅಲೆಗಳು ದಿನಗಳ ನಂತರ ಭಾರತದ ತೀರಕ್ಕೆ ಸದ್ದಿಲ್ಲದೆ ಬಂದು ಅಪ್ಪಳಿಸುವುದುಂಟು. ಮಲಯಾಳದ ಮೀನುಗಾರರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ: ಕಳ್ಳನಂತೆ ಬರುವ ಕಡಲು. 2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ತೀರವೊಂದರಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ತೀರಿಕೊಂಡಾಗ ಇಂಥ ಅಲೆಗಳ ಎಚ್ಚರಿಕೆ ಜಾರಿಯಲ್ಲಿತ್ತು. ಈ ಎಚ್ಚರಿಕೆಗಳನ್ನು ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರ ಹೊರಡಿಸುತ್ತದೆ. ಪ್ರವಾಸದ ಮುಖ್ಯಸ್ಥರು ಹೊರಡುವ ದಿನ ಅದನ್ನು ನೋಡಿಕೊಳ್ಳುವುದು ಐದು ನಿಮಿಷದ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗಂತೂ ಕರಾವಳಿಯಲ್ಲಿ ನೀರಿಗಿಳಿಯುವ ಮಾತೇ ಇಲ್ಲ.

ಹಾಗಾದರೆ ಮಕ್ಕಳಿಗೆ ಸಮುದ್ರ ತೋರಿಸುವುದೇ ಬೇಡವೇ? ತೋರಿಸಬೇಕು. ಹೊನ್ನಾವರದ ಬಳಿಯ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ತೀರಗಳಿಗೆ 2020ರಲ್ಲಿ ‘ನೀಲಿ ಬಾವುಟ’ದ ಅಂತರರಾಷ್ಟ್ರೀಯ ಮಾನ್ಯತೆ ದೊರೆತಿದೆ, ನೀರಿನ ಶುದ್ಧತೆ ಹಾಗೂ ಜೀವರಕ್ಷಕರ ವ್ಯವಸ್ಥೆ ಆ ಮಾನ್ಯತೆಯ ಷರತ್ತುಗಳಲ್ಲಿ ಸೇರಿವೆ. ಕೆಂಪು ಬಾವುಟ ಅಪಾಯದ ಗುರುತು. ಮೇಲೆ ಕೆಂಪು, ಕೆಳಗೆ ಹಳದಿ ಇರುವ ಎರಡು ಬಾವುಟಗಳ ನಡುವಿನ ನೀರು ಜೀವರಕ್ಷಕರ ಕಣ್ಗಾವಲಿನಲ್ಲಿರುವ ನೀರು. ಬಾವುಟವೂ ಇಲ್ಲ, ಕಾವಲೂ ಇಲ್ಲವೆಂದರೆ ಮರಳಿನ ಮೇಲೆ ಆಡಿಸಿ ಕರೆತರುವುದೇ ಸರಿ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಪ್ರವಾಸದ ವಿಷಯ ಬಂದಾಗ ಬಸ್ಸಿನ ಬಾಡಿಗೆ, ಊಟದ ಖರ್ಚುಗಳ ಲೆಕ್ಕ ಕೇಳುವಂತೆಯೇ, ಯಾವ ತೀರ, ಎಷ್ಟು ಹೊತ್ತಿಗೆ, ನೀರಿನ ಬದಿ ನಿಲ್ಲುವವರು ಯಾರು ಎಂದೂ ಸದಸ್ಯರು ಕೇಳಬಹುದು. ಕೇಳಿದರೆ ಮುಖ್ಯೋಪಾಧ್ಯಾಯರು ಬೇಸರಪಡಲಾರರು. ಬಹುಶಃ ಅವರಿಗೂ ಅದರಿಂದ ಬಲ ಬರುತ್ತದೆ.

ಇಷ್ಟು ಹೇಳಿದ ಮೇಲೆ ಊರಿನ ನೀರಿನ ಮಾತನ್ನು ಬಿಡುವಂತಿಲ್ಲ. ದಶಕಗಳ ಕಾಲ ಬತ್ತಿದ್ದ ಕೆರೆಗಳಿಂದಾಗಿ ಈ ಜಿಲ್ಲೆಯಲ್ಲಿ ಒಂದು ತಲೆಮಾರು ಈಜು ಕಲಿಯಲೇ ಇಲ್ಲ. 2018ರಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. 2021ರ ನವೆಂಬರ್ ಮಳೆಗೆ ಕೆರೆಗಳು ಕೋಡಿ ಬಿದ್ದವು. ನೀರು ಮರಳಿತು, ಈಜು ಮರಳಲಿಲ್ಲ. ಕೆರೆಯಂಗಳವೂ ಹಿಂದಿನದಲ್ಲ. ಇಟ್ಟಿಗೆ, ಹೆಂಚಿಗೆ ಹೆಸರಾದ ಮಾಲೂರು ಭಾಗದಲ್ಲಿ ಮಣ್ಣು ತೆಗೆದ ಗುಂಡಿಗಳು ನೀರಿನಡಿಯಲ್ಲಿ ಕಾಣದೆ ಕುಳಿತಿರುತ್ತವೆ. ಮೊಣಕಾಲುದ್ದದಿಂದ ಮುಂದಿನ ಹೆಜ್ಜೆಗೆ ಆಳೆತ್ತರ. ಶ್ರೀನಿವಾಸಪುರದ ಮಾವಿನ ತೋಟಗಳ ನಡುವಿನ ಕೃಷಿ ಹೊಂಡಗಳಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿದರೆ, ಬಿದ್ದವರು ದೊಡ್ಡವರಾದರೂ ಮೇಲೆ ಹತ್ತಲಾಗದು. ಅಲ್ಲದೆ ಕಣಿವೆ ಯೋಜನೆಯ ನೀರು ಎರಡನೆಯ ಹಂತದವರೆಗೆ ಮಾತ್ರ ಸಂಸ್ಕರಿಸಿ ಅಂತರ್ಜಲ ಮರುಪೂರಣಕ್ಕೆಂದು ಬಿಟ್ಟ ನೀರು; ಅದು ಮೀಯುವುದಕ್ಕಲ್ಲ.

ಹೊಂಡದ ಸುತ್ತ ಬೇಲಿ, ಒಳಗೆ ಗಂಟು ಹಾಕಿದ ಹಗ್ಗವೊಂದನ್ನು ಗೂಟಕ್ಕೆ ಕಟ್ಟಿ ಇಳಿಬಿಡುವುದು, ಗುಂಡಿಯಿರುವ ಕಡೆ ಕೆಂಪು ಬಟ್ಟೆಯ ಕಂಬ: ಇವು ದೊಡ್ಡ ಅನುದಾನ ಬೇಡುವ ಕಾಮಗಾರಿಗಳಲ್ಲ. ಮಕ್ಕಳ ಗ್ರಾಮ ಸಭೆಯಲ್ಲಿ ಎಲ್ಲೆಲ್ಲಿ ಈಜಲು ಹೋಗುತ್ತೀರಿ ಎಂದು ಕೇಳಿದರೆ, ಹಿರಿಯರಿಗೆ ಗೊತ್ತಿಲ್ಲದ ಜಾಗಗಳ ಪಟ್ಟಿಯೇ ಸಿಕ್ಕೀತು.

ಕೊನೆಯದಾಗಿ, ನೀರಿನಿಂದ ಎತ್ತಿದವರ ವಿಷಯ. ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತುವುದು ಅಮೂಲ್ಯ ನಿಮಿಷಗಳನ್ನು ಕಳೆಯುತ್ತವೆ. ಮುಳುಗಿದವರನ್ನು ಉಪ್ಪಿನ ರಾಶಿಯಲ್ಲಿ ಮಲಗಿಸಿದರೆ ಜೀವ ಬರುತ್ತದೆಂಬ ಮೊಬೈಲ್ ಸುದ್ದಿಯನ್ನು ನಂಬಿ, ಈ ರಾಜ್ಯದಲ್ಲೇ ತಂದೆತಾಯಿಗಳು ಗಂಟೆಗಟ್ಟಲೆ ಕಾದದ್ದುಂಟು. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಮೊದಲು ಐದು ಬಾರಿ ಉಸಿರು ಕೊಡಬೇಕು; ಅನಂತರ ಎದೆಯ ನಡುಭಾಗವನ್ನು 30 ಬಾರಿ ಬಲವಾಗಿ ಒತ್ತಿ, ಎರಡು ಉಸಿರು. 108ರ ವಾಹನ ಬರುವವರೆಗೂ ಇದನ್ನು ನಿಲ್ಲಿಸಬಾರದು. ಮುಳುಗುತ್ತಿರುವವರ ಹಿಂದೆ ಹಾರಿದ ಅಣ್ಣನೋ ಗೆಳೆಯನೋ ಜೊತೆಗೇ ಹೋಗುವುದು ಪದೇ ಪದೇ ನಡೆಯುತ್ತಿದೆ. ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನಿಗೆ ಇಪ್ಪತ್ತು ಮೀಟರ್ ಹಗ್ಗ ಕಟ್ಟಿ ಕೆರೆ ಏರಿಯ ಮೇಲಿನ ಮರಕ್ಕೆ ತೂಗುಹಾಕಿದರೆ, ದಡದಲ್ಲಿ ನಿಂತವರು ಹಾರುವ ಬದಲು ಅದನ್ನು ಎಸೆಯಬಹುದು.